ಪೂರ್ವಜ್ಞಾನದ ಕಾಲಂ ಮತ್ತು ಒಂದು ಪೊಟ್ಟಣ

ಬೋಧನಾಭ್ಯಾಸ ಮುಗಿಸಿ ಹೊರಡುವ ಪ್ರತಿ ತಂಡವೂ ಶಾಲೆಗೆ ಏನನ್ನಾದರೂ ಬಿಟ್ಟು ಬರುತ್ತದೆ: ಥರ್ಮಾಕೋಲಿನ ಮಾದರಿ, ಚಾರ್ಟು, ಮಿಂಚುಪಟ್ಟಿಗಳ ಕಟ್ಟು. ಮಾಡಿದವರು ಹೋದ ಮೇಲೆ ಅವುಗಳಲ್ಲಿ ಹೆಚ್ಚಿನವು ಬೀರುವಿನ ಮೇಲೆ ಏರಿ ಕೂರುತ್ತವೆ. ಈ ಬಾರಿ ಎಂಟನೇ ತರಗತಿಗೆ ಗಣಿತ ಪಾಠ ಮಾಡುವಾಗ ನಾನು ತಯಾರಿಸಿದ್ದು ಪೈಥಾನ್ ಭಾಷೆಯ ಒಂದು ಸಣ್ಣ ಪ್ರೋಗ್ರಾಂ. ಮೂರನೇ ವಾರ ಅದನ್ನು ನೋಡಿದ ಮಾರ್ಗದರ್ಶಕ ಶಿಕ್ಷಕರು, “ಚೆನ್ನಾಗಿದೆ. ನೀವು ಹೋದ ಮೇಲೆ ಇದನ್ನ ನಡೆಸೋರು ಯಾರು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಗಣಿತ ಪದ್ಧತಿಯವರಲ್ಲದವರೂ ಓದಬಹುದು. ಲೆಕ್ಕ ಕಡಿಮೆ ಇದೆ.

ಪ್ರೋಗ್ರಾಂ ಮಾಡುವ ಕೆಲಸ ಇಷ್ಟು. ಭಾಗಲಬ್ಧ ಸಂಖ್ಯೆಗಳ ಸಂಕಲನದ ಮೇಲೆ ಪ್ರತಿ ಮಗುವಿಗೂ ಬೇರೆ ಬೇರೆ ಲೆಕ್ಕಗಳ ಅಭ್ಯಾಸ ಹಾಳೆ ತಯಾರಿಸುತ್ತದೆ. ಹಾಜರಿ ಸಂಖ್ಯೆ ಕೊಟ್ಟರೆ ಆ ಮಗುವಿನ ಹಾಳೆಯನ್ನೇ ಮತ್ತೆ ತೆಗೆಯಬಹುದು. ಶಿಕ್ಷಕರ ಉತ್ತರಪಟ್ಟಿಯಲ್ಲಿ ಸರಿ ಉತ್ತರದ ಪಕ್ಕದಲ್ಲೇ ಮಕ್ಕಳು ಸಾಮಾನ್ಯವಾಗಿ ಬರೆಯುವ ಒಂದು ತಪ್ಪು ಉತ್ತರವೂ ಇರುತ್ತದೆ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಆ ಅಂಕಣ ನೋಡಿದರೆ ಸಾಕು, ಪರಿಹಾರ ಬೋಧನೆಗೆ ಯಾರನ್ನು ಕೂರಿಸಬೇಕು ಎಂದು ಹಾಳೆ ತಿದ್ದುವಾಗಲೇ ಗೊತ್ತಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಧನ ಸಂಖ್ಯೆಗಳಲ್ಲಿ ಈ ತಪ್ಪು ದಾರಿ ಎಂದೂ ಸರಿ ಉತ್ತರಕ್ಕೆ ಮುಟ್ಟುವುದಿಲ್ಲ. ಋಣ ಸಂಖ್ಯೆ ಬಂದರೆ ಮುಟ್ಟಬಹುದು: −4/2ಕ್ಕೆ 1/1 ಕೂಡಿಸಿದರೆ −1, ತಪ್ಪು ದಾರಿಯಲ್ಲಿ −3/3, ಅದೂ −1. ಎರಡೂ ಭಿನ್ನರಾಶಿಗಳು ಸಂಕ್ಷಿಪ್ತ ರೂಪದಲ್ಲಿದ್ದು ಛೇದಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಹೀಗೆ ಆಗುವುದೇ ಇಲ್ಲ. ಆದ್ದರಿಂದ ಪ್ರೋಗ್ರಾಂ ಅಂಥ ಲೆಕ್ಕಗಳನ್ನಷ್ಟೇ ಆರಿಸುತ್ತದೆ. ಸಾಧನೆಯನ್ನು ಒಂದು ಪುಟದಲ್ಲಿ ಬರೆಯಬಹುದು. ಗಣಿತ ಪದ್ಧತಿಯ ಗೆಳೆಯರು ಪ್ರಯತ್ನಿಸಿ ನೋಡಿ.

ಈಗ ಪೊಟ್ಟಣದ ವಿಷಯ. ತಂತ್ರಾಂಶದವರು ಪ್ಯಾಕೇಜ್ ಎನ್ನುವುದು ಹೆಚ್ಚುಕಡಿಮೆ ಕಿರಾಣಿ ಅಂಗಡಿಯ ಪೊಟ್ಟಣವೇ: ಒಳಗೆ ಸಾಮಾನು, ಹೊರಗೆ ಚೀಟಿ. ಪೈಥಾನಿನಲ್ಲಿ ಆ ಚೀಟಿ ‘ಪೈಪ್ರಾಜೆಕ್ಟ್ ಡಾಟ್ ಟಾಮಲ್’ ಎಂಬ ಕಡತ. ಹೆಸರು, ಆವೃತ್ತಿ ಸಂಖ್ಯೆ, ವಿವರಣೆ, ಪರವಾನಗಿ, ಪೈಥಾನಿನ ಯಾವ ಆವೃತ್ತಿಯಿಂದ ಮುಂದೆ ನಡೆಯುತ್ತದೆ, ಬೇರೆ ಯಾವ ಪ್ಯಾಕೇಜುಗಳು ಇರಲೇಬೇಕು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. (ಹೆಸರು ಮಾತ್ರ ರೋಮನ್ ಅಕ್ಷರದಲ್ಲೇ ಇರಬೇಕು, ಕನ್ನಡ ಲಿಪಿ ನಡೆಯುವುದಿಲ್ಲ. ಆದರೆ ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಅದೇ ಪೈಥಾನ್ ತಕರಾರಿಲ್ಲದೆ ಹನ್ನೆರಡು ಎಂದು ಓದಿಕೊಳ್ಳುತ್ತದೆ!)

ಕೊನೆಯ ಕಾಲಂ ತುಂಬುವಾಗ ನನಗೆ ನಮ್ಮ ಪಾಠಯೋಜನೆಯೇ ನೆನಪಾಯಿತು. ‘ಪೂರ್ವಜ್ಞಾನ’ ಎಂಬ ಕಾಲಂನಲ್ಲಿ ನಾವೆಲ್ಲ ಏನು ಬರೆಯುತ್ತೇವೆ? “ವಿದ್ಯಾರ್ಥಿಗಳು ಭಿನ್ನರಾಶಿಗಳ ಬಗ್ಗೆ ತಿಳಿದಿರುತ್ತಾರೆ.” ತಿಳಿದಿದ್ದಾರೋ ಇಲ್ಲವೋ, ವಾಕ್ಯ ಅದೇ. ವೀಕ್ಷಕರು ಟಿಕ್ ಹಾಕುತ್ತಾರೆ, ಪಾಠ ಮುಂದೆ ಹೋಗುತ್ತದೆ. ಪ್ಯಾಕೇಜಿನಲ್ಲಿ ಈ ಕಾಲಂಗೆ ಪರೀಕ್ಷೆ ಉಂಟು. ‘ವೆನ್ವ್’ ಎಂಬ ಸಲಕರಣೆಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಖಾಲಿ ಕೋಣೆಯಂಥ ಪರಿಸರವೊಂದು ತೆರೆಯುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಹಿಂದೆಂದೋ ಹಾಕಿಕೊಂಡ ಯಾವ ಹೆಚ್ಚುವರಿ ಪ್ಯಾಕೇಜೂ ಅಲ್ಲಿರುವುದಿಲ್ಲ. ಚೀಟಿಯಲ್ಲಿ ಬರೆದಷ್ಟನ್ನೇ ಇಟ್ಟುಕೊಂಡು ಪ್ರೋಗ್ರಾಂ ಅಲ್ಲಿ ನಡೆಯಬೇಕು. ಬರೆಯದೆ ನಂಬಿಕೊಂಡ ಒಂದು ವಸ್ತುವಿದ್ದರೂ ಅಲ್ಲೇ ನಿಂತುಬಿಡುತ್ತದೆ. ನಮ್ಮ ತರಗತಿ ಹಾಗೆ ನಿಲ್ಲುವುದಿಲ್ಲ. ಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರೆ.

ಹೀಗಾಗಿ ಆ ಕಾಲಂ ಅನ್ನು ಖಾಲಿ ಬಿಡುವಂತೆಯೇ ಪ್ರೋಗ್ರಾಂ ಬರೆಯಬೇಕೆಂದು ಹೊರಟೆ. ಭಿನ್ನರಾಶಿಗಳ ಲೆಕ್ಕಕ್ಕೆ ‘ಫ್ರಾಕ್ಷನ್ಸ್’ ಎಂಬ ಭಾಗ ಪೈಥಾನಿನ ಜೊತೆಗೇ ಬರುತ್ತದೆ. ಪಿಡಿಎಫ್ ಮಾಡುವ ಚಂದದ ಪ್ಯಾಕೇಜುಗಳಿದ್ದರೂ ಬಿಟ್ಟು, ಯಾವ ಬ್ರೌಸರಿನಲ್ಲಾದರೂ ತೆರೆದು ಮುದ್ರಿಸಬಹುದಾದ ಎಚ್‌ಟಿಎಂಎಲ್ ಕಡತ ಸಾಕೆಂದುಕೊಂಡೆ. ಶಾಲೆಯ ಗಣಕಯಂತ್ರಗಳಲ್ಲಿದ್ದದ್ದು ಉಬುಂಟು 20.04, ಅದರೊಂದಿಗೆ ಬರುವ ಪೈಥಾನ್ 3.8. ‘ಮ್ಯಾಚ್’ ಎಂಬ ಅನುಕೂಲದ ವಾಕ್ಯರಚನೆ ಬಂದಿದ್ದು 3.10ರಲ್ಲಿ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಮಗುವಿಗೆ ಬಾರದ ಪದ ಬಿಟ್ಟು ಪಾಠ ಹೇಳುವುದೂ ಇದೇ ತಾನೆ?

ಕಟ್ಟುವ ಕೆಲಸ ಓದುವುದಕ್ಕಿಂತ ಸುಲಭ. ಟರ್ಮಿನಲ್ಲಿನಲ್ಲಿ ‘ಬಿಲ್ಡ್’ ಎಂಬ ಸಲಕರಣೆಯನ್ನು ಕರೆದರೆ ಎರಡು ಕಡತಗಳು ಹುಟ್ಟುತ್ತವೆ. ಒಂದು ಮೂಲ ಸಂಕೇತದ ಗಂಟು. ಇನ್ನೊಂದು ‘ವ್ಹೀಲ್’, ನೇರವಾಗಿ ಸ್ಥಾಪಿಸಲು ಸಿದ್ಧವಾದದ್ದು. ಒಳಗಿನಿಂದ ನೋಡಿದರೆ ಸಾಮಾನ್ಯ ಜಿಪ್ ಕಡತವೇ. ಅದರ ಹೆಸರಿನ ತುದಿಯಲ್ಲಿ ‘ಪಿವೈ3-ನನ್-ಎನಿ’ ಎಂದಿರುತ್ತದೆ. ಪೈಥಾನ್ 3 ಇದ್ದರೆ ಸಾಕು, ಯಾವ ಬಗೆಯ ಯಂತ್ರವಾದರೂ ಆದೀತು ಎಂದು ಅರ್ಥ. ಪಾಠಯೋಜನೆಯ ತಲೆಬರಹಕ್ಕಿಂತ ಇದರಲ್ಲಿ ಹೆಚ್ಚು ಮಾಹಿತಿ ಇದೆ. ಅವಲಂಬನೆ ಏನೂ ಇಲ್ಲವಾದ್ದರಿಂದ ಈ ಒಂದು ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂತರ್ಜಾಲವಿಲ್ಲದ ಪ್ರಯೋಗಾಲಯದಲ್ಲೂ ‘ಪಿಪ್’ ಮೂಲಕ ಸ್ಥಾಪಿಸಬಹುದು. ನಮ್ಮ ಶಾಲೆಯಲ್ಲಿ ಹಾಗೆಯೇ ಮಾಡಿದ್ದು.

ಬಳಕೆಯ ಸೂಚನೆ ಬರೆಯಲು ಪ್ರೋಗ್ರಾಂಗಿಂತ ಹೆಚ್ಚು ದಿನ ಹಿಡಿಯಿತು. ಕನ್ನಡ ಪದ್ಧತಿಯ ಸಹಪಾಠಿಯೊಬ್ಬಳನ್ನು ಕೂರಿಸಿ, ನಾನು ಬಾಯಿ ತೆರೆಯುವುದಿಲ್ಲ ಎಂದು ಮೊದಲೇ ಹೇಳಿ, ಕಾಗದವೊಂದನ್ನೇ ಕೈಗೆ ಕೊಟ್ಟೆ. ಮೂರು ಕಡೆ ಅವಳ ಬೆರಳು ನಿಂತಿತು. ಆ ಮೂರೂ ಕಡೆ ಒಂದೊಂದು ವಾಕ್ಯ ಸೇರಿತು. ಮರುದಿನ ಮಾರ್ಗದರ್ಶಕ ಶಿಕ್ಷಕರು ಅದೇ ಕಾಗದ ಹಿಡಿದು 42 ಹಾಳೆ ತೆಗೆದರು. ಆಗ ನಾನು ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ.

ಪ್ರಕಟಿಸುವುದು ಬೇರೆ ಹಂತ. ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣ ಪೈಪಿಐ, 2003ರಿಂದ ಇದೆ. ಅದಕ್ಕೊಂದು ಅಭ್ಯಾಸದ ಪ್ರತಿರೂಪವೂ ಉಂಟು, ಟೆಸ್ಟ್‌ಪೈಪಿಐ. ನಮ್ಮ ಸೂಕ್ಷ್ಮಬೋಧನೆಯ ಹಾಗೆ. ‘ಟ್ವೈನ್’ ಎಂಬ ಸಲಕರಣೆಯಿಂದ ಮೊದಲು ಅಲ್ಲಿಗೆ ಕಳಿಸಿ, ಖಾಲಿ ಪರಿಸರದಲ್ಲಿ ಇಳಿಸಿಕೊಂಡು ನೋಡಿ, ನಂತರ ನಿಜವಾದ ಉಗ್ರಾಣಕ್ಕೆ ಕಳಿಸಿದೆ. ಅಲ್ಲಿ ಒಂದು ಕಠಿಣ ನಿಯಮವಿದೆ: ಒಮ್ಮೆ ಏರಿಸಿದ ಕಡತದ ಹೆಸರನ್ನು, ಅಳಿಸಿದರೂ ಸಹ, ಮತ್ತೆ ಬಳಸುವಂತಿಲ್ಲ. ಕಾಮಾ ತಿದ್ದಿದರೂ ಹೊಸ ಆವೃತ್ತಿ ಸಂಖ್ಯೆ ಬೇಕು. 0.1.0 ಎಂದರೆ ಎಲ್ಲರಿಗೂ, ಎಂದಿಗೂ ಅದೇ 0.1.0. ಮೊದಲು ಇದು ಅತಿಯೆನಿಸಿತು. ಅದನ್ನು ನಂಬಿ ಹಾಳೆ ಮುದ್ರಿಸಿಕೊಂಡ ಶಿಕ್ಷಕರ ಕಡೆಯಿಂದ ನೋಡಿದಾಗ ನ್ಯಾಯವೆನಿಸಿತು.

ನಂಬಿದವರ ಪಾಡೇನಾಗುತ್ತದೆ ಎಂಬುದಕ್ಕೆ 2016ರ ಮಾರ್ಚ್ ಸಾಕ್ಷಿ. ಜಾವಾಸ್ಕ್ರಿಪ್ಟಿನ ಉಗ್ರಾಣ ಎನ್‌ಪಿಎಂನಿಂದ ‘ಲೆಫ್ಟ್‌ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡರು. ಅದರ ಮೇಲೆ ನಿಂತಿದ್ದ ಎಷ್ಟೋ ತಂತ್ರಾಂಶಗಳನ್ನು ಕಟ್ಟುವ ಕೆಲಸ ಜಗತ್ತಿನಾದ್ಯಂತ ನಿಂತುಹೋಯಿತು. ಉಗ್ರಾಣದವರು ಅದನ್ನು ಮರಳಿ ಇಡಬೇಕಾಯಿತು. ಹನ್ನೊಂದು ಸಾಲು! ನಮ್ಮ ಒಂದು ಪಾಠಯೋಜನೆಯ ಉದ್ದೇಶಗಳೇ ಅದಕ್ಕಿಂತ ಉದ್ದವಿರುತ್ತವೆ.

ಪರವಾನಗಿಯಾಗಿ ಎಂಐಟಿ ಆರಿಸಿದೆ. ಅದು ಪುಟ್ಟದು, ಓದಿ ಮುಗಿಸಬಹುದು: ಯಾರಾದರೂ ಬಳಸಲಿ, ತಿದ್ದಲಿ, ಹಂಚಲಿ, ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿಯ ಪಠ್ಯ ಜೊತೆಗಿರಲಿ, ತೊಂದರೆಯಾದರೆ ಬರೆದವರು ಹೊಣೆಯಲ್ಲ. ಪರವಾನಗಿ ಬರೆಯದೆ ಸುಮ್ಮನೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಅದು ಮುಕ್ತ ತಂತ್ರಾಂಶ ಆಗುವುದಿಲ್ಲ; ತಿದ್ದಿ ಹಂಚುವ ಹಕ್ಕು ಯಾರಿಗೂ ಸಿಕ್ಕಿರುವುದಿಲ್ಲ. ನಮ್ಮ ಕಾಲೇಜಿನಲ್ಲಿ ಕೈಯಿಂದ ಕೈಗೆ ಓಡಾಡುವ ಪಿಪಿಟಿಗಳ ಬಗ್ಗೆಯೂ ಈ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದು ನನ್ನ ಅನಿಸಿಕೆ.

ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಇದನ್ನು ‘ಬೋಧನೋಪಕರಣ’ದ ಕೆಳಗೆ ನಮೂದಿಸಿದ್ದೇನೆ. ಪ್ರದರ್ಶನಕ್ಕಿಡಲು ವಸ್ತು ಯಾವುದೂ ಇಲ್ಲದ ಕಾರಣ ಬಳಕೆಯ ಸೂಚನೆಯನ್ನೇ ಅಂಟಿಸಿದ್ದೇನೆ. ಅಂಕ ಎಷ್ಟು ಬರುತ್ತದೋ ನೋಡಬೇಕು.

ಪೈಪಿಐಯಲ್ಲಿ ಒಂದು ಪ್ಯಾಕೇಜಿಗೆ ಒಬ್ಬರಿಗಿಂತ ಹೆಚ್ಚು ಒಡೆಯರಿರಬಹುದು. ಏಪ್ರಿಲ್‌ನಲ್ಲಿ ನಾನು ಕಾಲೇಜು ಬಿಡುತ್ತೇನೆ. ಅಷ್ಟರೊಳಗೆ ಕಿರಿಯ ತಂಡದ ಇಬ್ಬರಿಗೆ ಒಡೆತನ ಕೊಡಬೇಕೆಂದಿದ್ದೇನೆ. 2024ರಿಂದ ಎರಡು ಹಂತದ ದೃಢೀಕರಣ ಕಡ್ಡಾಯ, ಆದ್ದರಿಂದ ಸ್ವಂತ ಖಾತೆ, ಸ್ವಂತ ಮೊಬೈಲು ಬೇಕು. ವ್ಯವಕಲನದ ಹಾಳೆ ಇನ್ನೂ ಬರೆದಿಲ್ಲ. ಅಲ್ಲಿ ಮಕ್ಕಳ ತಪ್ಪು ಒಂದೇ ಬಗೆಯದ್ದಲ್ಲ, ನಾನು ತಿದ್ದಿದ ಹಾಳೆಗಳಲ್ಲೇ ಮೂರು ಬಗೆ ಸಿಕ್ಕಿವೆ. ಅವುಗಳ ಪ್ರತಿಗಳು ನನ್ನ ಬಳಿ ಇವೆ, ಬಂದವರಿಗೆ ಕೊಡುತ್ತೇನೆ.