ಒಂದು ಸೈಜ್ ದೊಡ್ಡದೇ ಇರಲಿ

ಮಕ್ಕಳಿಗೆ ಬಟ್ಟೆ ಕೊಳ್ಳುವಾಗ ನಿಮ್ಮ ಬಾಯಿಂದಲೂ ಈ ಮಾತು ಬಂದಿರುತ್ತದೆ: "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ." ನನ್ನ ಸ್ಕೂಲ್ ಯೂನಿಫಾರ್ಮಿನ ಲಂಗಕ್ಕೆ ನಮ್ಮಮ್ಮ ಒಳಗಡೆ ಎರಡು ಮಡಿಕೆ ಹಾಕಿಸಿ, ವರ್ಷಕ್ಕೊಂದು ಬಿಚ್ಚುತ್ತಿದ್ದರು. ಅದೇ ಬುದ್ಧಿಯನ್ನು ನಾನು ಇಲ್ಲಿಗೆ ಬಂದ ಮೇಲೆ ಸೈಕಲ್ಲಿಗೂ ಹಚ್ಚಿದೆ. ಅದರಿಂದ ನನ್ನ ಮಗನ ಎಡಗೈ ಮಣಿಕಟ್ಟು ಮುರಿಯಿತು.

ಆಗ ಅವನಿಗೆ ಒಂಬತ್ತು ವರ್ಷ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಹಾಲು, ತರಕಾರಿ ತರಲು ದೊಡ್ಡ ಅಂಗಡಿಗೆ ಹೋದವರು ಸೈಕಲ್ ಸಾಲಿನ ಮುಂದೆ ನಿಂತುಬಿಟ್ಟೆವು. ದಪ್ಪ ಟೈರು, ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು, ಮೈತುಂಬ ಬಣ್ಣ, ಬೆಲೆ ಇನ್ನೂರು ಡಾಲರಿನ ಆಸುಪಾಸು. ಅವನ ಎತ್ತರಕ್ಕೆ 24 ಇಂಚಿನ ಚಕ್ರದ್ದು ಸರಿಹೋಗುತ್ತಿತ್ತು. ನಾವು 26 ಇಂಚಿನದನ್ನು ತಂದೆವು. ಹೈಸ್ಕೂಲ್ ತನಕ ಬರಲಿ ಅಂತ.

ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ, ಯಾಕೆಂದರೆ ನಾನು ಕಲಿತದ್ದೇ ಹಾಗೆ. ತಿಪಟೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಬಾಡಿಗೆ ಸೈಕಲ್ ಅಂಗಡಿ ಇತ್ತು. ಗಂಟೆಗೆ ಒಂದು ರೂಪಾಯಿ. ಇದ್ದದ್ದೆಲ್ಲ ದೊಡ್ಡವರ ಕರಿ ಸೈಕಲ್ಲುಗಳು. ಬಾರಿನ ಕೆಳಗೆ ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆಗೆ ವಾಲಿಸಿಕೊಂಡು ಒಳಪೆಡಲ್ ಹೊಡೆಯುತ್ತಿದ್ದೆವು. ಬಿದ್ದೆವು, ಮೊಣಕಾಲು ತರಚಿಕೊಂಡೆವು, ಮನೆಯಲ್ಲಿ ಹೇಳಲಿಲ್ಲ. ನಮ್ಮ ಬೀದಿ ಸಪಾಟಾಗಿತ್ತು ಅನ್ನುವುದು ಮಾತ್ರ ನನಗೆ ನೆನಪಾಗಲಿಲ್ಲ.

ಕೊಯೋಟಿ ಹಿಲ್ಸ್ ಪಾರ್ಕಿನ ಬೇವ್ಯೂ ಟ್ರೈಲ್ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಟಾರು ಹಾಕಿದ ದಾರಿ, ಕೊಲ್ಲಿಯ ನೀರು ಪಕ್ಕದಲ್ಲೇ, ಮಧ್ಯೆ ಒಂದು ಏರು, ಆಮೇಲೆ ಇಳಿಜಾರು. ಇಳಿಜಾರಿನಲ್ಲಿ ಅವನ ಸೈಕಲ್ ಓಡತೊಡಗಿತು. ನಾನು ಹಿಂದಿನಿಂದ ಓಡುತ್ತಾ "ಹಿಡಿ, ಹಿಡಿ, ಹಿಡಿಯೋ" ಅಂತ ಕೂಗಿದೆ. ಅವನು ಹಿಡಿಯಲಿಲ್ಲ. ತಿರುವಿನಲ್ಲಿ ದಾರಿ ಬಿಟ್ಟು ಹುಲ್ಲಿಗೆ ಇಳಿದ, ಕಲ್ಲಿಗೆ ಬಡಿದು ಕೈಯೂರಿ ಬಿದ್ದ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾಗ ಅವನು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದ: "ನೀನು ಹಿಡಿ ಅಂದೆ, ನಾನು ಹಿಡ್ಕೊಂಡೆ ಅಮ್ಮ. ತುಂಬಾ ಗಟ್ಟಿ ಹಿಡ್ಕೊಂಡೆ."

ಹ್ಯಾಂಡಲ್ ಹಿಡಿದುಕೊಂಡಿದ್ದ. ನಾನು ಹೇಳಿದ್ದು ಬ್ರೇಕ್ ಹಿಡಿ ಅಂತ. ನಮ್ಮೂರಿನಲ್ಲಿ ಬೆಳೆದ ಮಗುವಿಗೆ ಅದು ಬಿಡಿಸಿ ಹೇಳದೆ ತಿಳಿಯುತ್ತದೆ. ಮನೆಯೊಳಗೆ ಮಾತ್ರ ಕನ್ನಡ ಕೇಳುವ ಮಗುವಿಗೆ ಹಿಡಿ ಅಂದರೆ ಲೋಟ ಹಿಡಿ, ನನ್ನ ಕೈ ಹಿಡಿ, ಅಷ್ಟೇ. ಆಮೇಲೆ ಮನೆಗೆ ಬಂದು ಆ ಸೈಕಲ್ಲಿನ ಬ್ರೇಕಿನ ಮೇಲೆ ಅವನ ಬಲಗೈ ಇಡಿಸಿ ನೋಡಿದೆ. ಬೆರಳ ತುದಿ ಲಿವರಿಗೆ ತಾಗುತ್ತಿತ್ತು, ಒತ್ತುವಷ್ಟು ಎಟುಕುತ್ತಿರಲಿಲ್ಲ. ಮಾತು ಅರ್ಥವಾಗಿದ್ದರೂ ಅವನು ನಿಲ್ಲಿಸಲು ಆಗುತ್ತಿರಲಿಲ್ಲ. ಇದರಿಂದ ನನಗೆ ಸಮಾಧಾನ ಆಗಬೇಕೋ ಇನ್ನಷ್ಟು ಸಂಕಟ ಆಗಬೇಕೋ ಗೊತ್ತಾಗಲಿಲ್ಲ.

ವಿಡಿಯೋ ಕಾಲ್‌ನಲ್ಲಿ ನಮ್ಮಮ್ಮ ಮೊಮ್ಮಗನ ಪ್ಲಾಸ್ಟರ್ ನೋಡಿ ಅತ್ತರು. ಆಮೇಲೆ ನನ್ನ ಕಡೆ ತಿರುಗಿ, "ಚಪ್ಪಲಿ ತರೋವಾಗ ಕಾಲಿಗೆ ಹಾಕಿ ನೋಡ್ತೀಯ, ಸೈಕಲ್ ತರೋವಾಗ ನೋಡಕ್ಕಾಗ್ಲಿಲ್ವೇನೇ?" ಅಂದರು. ಲಂಗದ ಮಡಿಕೆ ನೆನಪಿಸುವ ಧೈರ್ಯ ನನಗಾಗಲಿಲ್ಲ.

ಎರಡು ವರ್ಷ ಅವನು ಸೈಕಲ್ ಮುಟ್ಟಲಿಲ್ಲ. ಹೋದ ಬೇಸಿಗೆಯಲ್ಲಿ ಕ್ಲಾಸಿನ ಗೆಳೆಯನೊಬ್ಬ ಟ್ರೈಲಿಗೆ ಕರೆದಾಗ ಬಾಗಿಲಲ್ಲಿ ನಿಂತು ತುಂಬಾ ಹೊತ್ತು ಯೋಚಿಸಿದ. ಕೊನೆಗೆ ನನ್ನ ಹತ್ತಿರ ಬಂದು, "ನೀನೂ ಬಂದ್ರೆ ಹೋಗ್ತೀನಿ" ಅಂದ. ಹೀಗೆ ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ನನ್ನ ಮೊದಲ ಮೌಂಟನ್ ಬೈಕ್ ಕೊಳ್ಳುವ ಪ್ರಸಂಗ ಬಂತು.

ಗ್ಯಾರೇಜಿನಲ್ಲಿದ್ದ ಹಳೇ ಸೈಕಲ್ ಇಳಿಸಿ ನಮ್ಮ ಮನೆಯವರು, "ಈಗ ಇವನಿಗೆ ಸರಿಯಾಗಿದೆ ನೋಡು, ದುಡ್ಡು ದಂಡ ಆಗಲಿಲ್ಲ" ಅಂದರು. ಅಳತೆ ನಿಜವಾಗಿಯೂ ಸರಿಯಾಗಿತ್ತು. ಮಗ ಹತ್ತಿರ ಬರಲಿಲ್ಲ. ಧೂಳು ಒರೆಸುವಾಗ ಅದರ ಮೈಮೇಲೆ ಒಂದು ಸಣ್ಣ ಸ್ಟಿಕ್ಕರ್ ಕಂಡಿತು: ಇದು ಒರಟು ದಾರಿಗೆ, ಜಿಗಿತಕ್ಕೆ ಮಾಡಿದ್ದಲ್ಲ ಅಂತ ಬರೆದಿತ್ತು. ನೋಡಲು ಮೌಂಟನ್ ಬೈಕು, ಓಡಿಸಬೇಕಾದ್ದು ಮನೆ ಮುಂದಿನ ರಸ್ತೆಯಲ್ಲಿ! ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ಒಮ್ಮೆ ಬಗ್ಗಿ ನೋಡಿ. ನಮ್ಮದನ್ನು ರಿಪೇರಿಯವರ ಹತ್ತಿರ ಒಯ್ದಾಗ, ಬ್ರೇಕು, ಫೋರ್ಕು ಬದಲಿಸುವ ಖರ್ಚು ಸೈಕಲ್ಲಿನ ಬೆಲೆಗಿಂತ ಹೆಚ್ಚಾಗುತ್ತದೆ ಅಂದರು. ಸ್ಟೇಷನ್ ತನಕ ಟಾರು ರಸ್ತೆಯಲ್ಲಿ ಹೋಗಿಬರುವ ಒಬ್ಬ ವಿದ್ಯಾರ್ಥಿಗೆ ಕೊಟ್ಟೆವು.

ಈ ಸಲ ಸೈಕಲ್ಲನ್ನೇ ಮಾರುವ ಅಂಗಡಿಗೆ ಹೋದೆವು. ಅಷ್ಟರಲ್ಲಿ ನಮ್ಮ ಮನೆಯವರು ಎಕ್ಸೆಲ್ ಶೀಟ್ ಒಂದು ತಯಾರು ಮಾಡಿದ್ದರು, ಹದಿನಾಲ್ಕು ಕಾಲಂ. (ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ, ನಗಬೇಡಿ.) ಅಂಗಡಿಯವರು ಶೀಟ್ ನೋಡಲಿಲ್ಲ. ಎಲ್ಲಿ ಓಡಿಸುತ್ತೀರಿ, ವಾರಕ್ಕೆ ಎಷ್ಟು ಸಲ, ಸೈಕಲ್ಲನ್ನು ಕಾರಿನ ಮೇಲೆ ಎತ್ತಿಡುವವರು ಯಾರು, ಈ ಮೂರು ಪ್ರಶ್ನೆ ಕೇಳಿದರು. ಮೂರನೆಯದಕ್ಕೆ ಉತ್ತರ ನಾನೇ ಆದ್ದರಿಂದ, ಭಾರದ ಲೆಕ್ಕ ಅಲ್ಲೇ ಶುರುವಾಯಿತು.

ಹಿಂದೆಯೂ ಮುಂದೆಯೂ ಶಾಕ್ ಇರುವ ಸೈಕಲ್ ಕಣ್ಣಿಗೆ ಹಬ್ಬ. ಒಳ್ಳೆಯದು ಬೇಕಾದರೆ ಎರಡು ಸಾವಿರ ಡಾಲರಿನ ಹತ್ತಿರ ಹೋಗುತ್ತದೆ, ಭಾರ ಜಾಸ್ತಿ, ಹಿಂದಿನ ಶಾಕಿನ ಸರ್ವಿಸ್ ಖರ್ಚು ಬೇರೆ. ಅಗ್ಗದ ಸೈಕಲ್ಲಿನಲ್ಲಿ ಹಿಂದಿನ ಸ್ಪ್ರಿಂಗ್ ಇದ್ದರೆ ಇನ್ನೂ ಕಷ್ಟ: ನೀವು ಪೆಡಲ್ ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಆ ಸ್ಪ್ರಿಂಗೇ ಕುಣಿದು ತಿಂದುಹಾಕುತ್ತದೆ. ವಾರಾಂತ್ಯಕ್ಕೆ ಒಂದು ಸಲ ಮಣ್ಣು ದಾರಿಯಲ್ಲಿ ಹೋಗಿಬರುವವರಿಗೆ ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೈಲ್ ಸಾಕು. ಶಾಕ್ 100ರಿಂದ 120 ಮಿಲಿಮೀಟರ್ ಕುಗ್ಗಿದರೆ ಧಾರಾಳವಾಯಿತು. ಹೊಸದಕ್ಕೆ ಸುಮಾರು ಆರುನೂರರಿಂದ ಸಾವಿರ ಡಾಲರ್. ಎರಡು ಮೂರು ವರ್ಷದ ಹಳೆಯದು ಸಿಕ್ಕರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಬರುತ್ತದೆ, ಆದರೆ ಫ್ರೇಮಿನಲ್ಲಿ ಬಿರುಕಿದೆಯಾ, ಚಕ್ರ ತಿರುಗಿಸಿದರೆ ಅತ್ತಿತ್ತ ಆಡುತ್ತದಾ ಅಂತ ತಿಳಿದವರಿಂದ ನೋಡಿಸಿ. ಮುಂದೆ ಪೆಡಲಿನ ಹತ್ತಿರ ಒಂದೇ ಹಲ್ಲುಚಕ್ರ, ಹಿಂದೆ ಎಂಟರಿಂದ ಹನ್ನೆರಡು ಇರುವ ಗೇರ್ ಕೇಳಿ. ಬಲಗೈಯಲ್ಲಿ ಒಂದೇ ಶಿಫ್ಟರ್ ಇರುತ್ತದೆ, ಮಕ್ಕಳಿಗೆ ಗೊಂದಲ ಇಲ್ಲ. ಚಕ್ರದ ವಿಷಯದಲ್ಲಿ 29 ಇಂಚಿನದು ಕಲ್ಲು ಬೇರುಗಳ ಮೇಲೆ ಸುಲಭವಾಗಿ ಹತ್ತಿ ಇಳಿಯುತ್ತದೆ ಅನ್ನುತ್ತಾರೆ, ನಿಜ. ಆದರೆ ನಾನು ಐದಡಿ ಎರಡಿಂಚು. ಸಣ್ಣ ಫ್ರೇಮಿಗೆ ಬಹಳ ಕಂಪನಿಯವರು 27.5 ಇಂಚಿನ ಚಕ್ರವನ್ನೇ ಹಾಕುತ್ತಾರೆ, ನನಗೆ ಅದೇ ಒಗ್ಗಿತು.

ಉಳಿದದ್ದನ್ನೆಲ್ಲ ನೀವು ಮರೆತರೂ ಪರವಾಗಿಲ್ಲ, ಅಳತೆ ಮತ್ತು ಬ್ರೇಕ್ ಮರೆಯಬೇಡಿ. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಬಾರಿಗೂ ಮೈಗೂ ನಡುವೆ ಎರಡು ಇಂಚಾದರೂ ಜಾಗ ಉಳಿಯಬೇಕು. ಟಾರು ರಸ್ತೆಗಿಂತ ಮಣ್ಣು ದಾರಿಯಲ್ಲಿ ದಿಢೀರನೆ ಕಾಲು ಕೊಡುವ ಸಂದರ್ಭ ಹೆಚ್ಚು, ಅಲ್ಲಿ ನೆಲವೂ ಒಂದೇ ಸಮ ಇರುವುದಿಲ್ಲ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಒಂದೇ ಬೆರಳಿನಲ್ಲಿ ಒತ್ತಬಹುದು. ತಂತಿಯ ಬ್ರೇಕಿಗೆ ಹೆಚ್ಚು ಬಲ ಬೇಕು. ಲಿವರಿನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಮಗುವಿನ ಬೆರಳಿಗೆ ಹತ್ತಿರ ತರಬಹುದು. ಎರಡು ವರ್ಷ ಹಿಂದೆ ಯಾರಾದರೂ ನನಗೆ ಇದೊಂದನ್ನು ಹೇಳಿದ್ದರೆ! ಇನ್ನೊಂದು ಮಾತು. ಅಮೆರಿಕದಲ್ಲಿ ಮಾರುವ ಸೈಕಲ್ಲುಗಳಲ್ಲಿ ಬಲಗೈ ಬ್ರೇಕು ಹಿಂದಿನ ಚಕ್ರಕ್ಕೆ, ಎಡಗೈಯದು ಮುಂದಿನದಕ್ಕೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು. ದೇಶ ಬದಲಿಸಿದವರು ಇಳಿಜಾರಿಗೆ ಹೋಗುವ ಮೊದಲು ಸಪಾಟು ನೆಲದಲ್ಲಿ ಒತ್ತಿ ನೋಡಿಕೊಳ್ಳಿ.

ಮಗನಿಗೆ ಅಂಗಡಿಯವರು ಎರಡು ಸೈಕಲ್ ಕೊಟ್ಟು ಹಿಂದಿನ ಬೀದಿಯಲ್ಲಿ ಓಡಿಸಿ ಬಾ ಅಂದರು. ಒಂದು ಈಗ ಸರಿಯಾದದ್ದು, ಇನ್ನೊಂದು ಸ್ವಲ್ಪ ದೊಡ್ಡದು. ಅವನಿಗೆ ದೊಡ್ಡದರ ಬಣ್ಣ ಇಷ್ಟವಾಗಿತ್ತು. ನಮ್ಮ ಮನೆಯವರು ಬಾಯಿ ತೆರೆದರು, ನಾನು ಅವರ ಕಾಲು ತುಳಿದೆ. ಸ್ವಲ್ಪ ಹೊತ್ತಿನ ಮೇಲೆ ಮಗ ಸರಿಯಾದದ್ದರ ಮೇಲೆ ಕೂತು, ಬ್ರೇಕನ್ನು ಇಪ್ಪತ್ತು ಸಲ ಒತ್ತಿ ಬಿಟ್ಟು ನೋಡಿ, "ಇದು" ಅಂದ. ಬಹುಶಃ ಎರಡು ವರ್ಷಕ್ಕೆ ಚಿಕ್ಕದಾಗುತ್ತದೆ. ಆಗಲಿ. ಮಾರುತ್ತೇವೆ, ಇಲ್ಲ ಯಾರ ಮಗುವಿಗಾದರೂ ಕೊಡುತ್ತೇವೆ.

ಮೌಂಟನ್ ಬೈಕ್ ಹುಟ್ಟಿದ ಜಾಗ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರವಿದೆ ಅಂತ ನನಗೆ ಗೊತ್ತಾದದ್ದೂ ಆಗಲೇ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳಲ್ಲಿ ಇಳಿಜಾರು ಪಂದ್ಯ ಇಟ್ಟುಕೊಂಡರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವಕ್ಕೆ. ಕೆಳಗೆ ಬರುವಷ್ಟರಲ್ಲಿ ಆ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ದಾರಿಗೆ ರೀಪ್ಯಾಕ್ ಅಂತ ಹೆಸರು ನಿಂತಿತು. ಅವರಲ್ಲೊಬ್ಬರಾದ ಜೋ ಬ್ರೀಜ್ ಮರುವರ್ಷ ಇಂಥ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದರು. ಫೇರ್‌ಫ್ಯಾಕ್ಸ್‌ನ ಸೈಕಲ್ ಮ್ಯೂಸಿಯಂಗೆ ಮಗನನ್ನು ಕರೆದುಕೊಂಡು ಹೋದಾಗ ಆ ಕಾಲದ ಭಾರೀ ಸೈಕಲ್ಲೊಂದರ ಮುಂದೆ ನಿಂತು, "ನಿನ್ನ ತಿಪಟೂರು ಸೈಕಲ್ ಹೀಗಿತ್ತಾ?" ಅಂತ ಕೇಳಿದ. ತಿಪಟೂರಿನ ಬಗ್ಗೆ ಅವನಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ಒಳಪೆಡಲ್ ಹೊಡೆಯುವುದು ಹೇಗೆ ಅಂತ ಪಾರ್ಕಿಂಗ್ ಜಾಗದಲ್ಲಿ ಅಭಿನಯಿಸಿ ತೋರಿಸಿದೆ.

ಟ್ರೈಲಿಗೆ ಇಳಿಯುವ ಮೊದಲು ನಾವಿಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತುಗಳನ್ನು ಗೊತ್ತುಮಾಡಿಕೊಂಡೆವು. ನಿಲ್ಲಿಸಬೇಕಾದರೆ "ಬ್ರೇಕ್". ವೇಗ ತಗ್ಗಿಸಬೇಕಾದರೆ "ನಿಧಾನ". "ಹಿಡಿ" ಅನ್ನುವ ಮಾತು ಸೈಕಲ್ ಮೇಲೆ ಬೇಡ. ಮುಂದೆ ಹೋಗುವವರು ಹಿಂದಿನವರಿಗೆ ಕೂಗಿ ಹೇಳಬೇಕು: ಕಲ್ಲು, ಬೇರು, ಗುಂಡಿ, ಜನ, ಕುದುರೆ. ಇಲ್ಲಿನ ಟ್ರೈಲುಗಳಲ್ಲಿ ನಡೆಯುವವರಿಗೂ ಕುದುರೆಗೂ ಸೈಕಲ್ಲಿನವರು ದಾರಿ ಬಿಡಬೇಕು, ಅದಕ್ಕೇ ಕೊನೆಯ ಎರಡು. "ಕೊರಕಲು" ಅನ್ನುವುದನ್ನೂ ಸೇರಿಸಿದೆ, ಮಳೆನೀರು ಹರಿದು ದಾರಿಯಲ್ಲಿ ಬಿದ್ದ ಸೀಳಿಗೆ. ಅದನ್ನು ಹೇಳುವಷ್ಟರಲ್ಲಿ ಬಿದ್ದೇಬಿಡುತ್ತೇವೆ ಅಂತ ಅವನು ತಕರಾರು ತೆಗೆದ, ಬಿಟ್ಟೆವು.

ಮೊದಲ ತಿಂಗಳು ಅಲಮೀಡಾ ಕ್ರೀಕ್ ಪಕ್ಕದ ಸಪಾಟು ದಾರಿ. ಆಮೇಲೆ ಪಾಲೋ ಆಲ್ಟೋದ ಅರಾಸ್ಟ್ರಡೇರೋ ಹುಲ್ಲುಗುಡ್ಡ. ಮಳೆ ಬಂದು ಕೆಸರಾದಾಗ ಅಲ್ಲಿನ ದಾರಿಗಳನ್ನು ಸೈಕಲ್ಲಿಗೆ ಮುಚ್ಚುತ್ತಾರೆ, ಹೋಗುವ ಮೊದಲು ನೋಡಿಕೊಳ್ಳಿ. ಟೈರಿಗೆ ಕಲ್ಲಿನಂತೆ ಗಾಳಿ ಹೊಡೆಯಬಾರದು ಅಂತ ಕಲಿತದ್ದು ಅಲ್ಲಿ. ನಮ್ಮೂರಲ್ಲಿ ಗಾಳಿ ಅಂದರೆ ಹೆಬ್ಬೆರಳಲ್ಲಿ ಒತ್ತಿದರೆ ಅಲ್ಲಾಡಬಾರದು. ಇಲ್ಲಿ ನನ್ನ ಟ್ಯೂಬ್ ಇರುವ ಟೈರಿಗೆ 30 ಪಿಎಸ್‌ಐ ಆಸುಪಾಸು ಇಟ್ಟ ಮೇಲೆ ಜಲ್ಲಿಯಲ್ಲಿ ಜಾರುವುದು ಕಡಿಮೆಯಾಯಿತು. ಇಳಿಜಾರಿಗೆ ಮೊದಲು ಸೀಟು ಇಳಿಸಿಕೊಳ್ಳುವುದನ್ನು ಮಗ ನನಗೆ ಕಲಿಸಿದ. ಅವನಿಗೆ ಹೇಳಿಕೊಟ್ಟದ್ದು ಗೆಳೆಯ.

ನವೆಂಬರಿನಲ್ಲಿ ಸ್ಯಾನ್ ರಫೆಲ್‌ನ ಚೈನಾ ಕ್ಯಾಂಪ್ ಪಾರ್ಕಿಗೆ ಹೋದೆವು. ಅಲ್ಲಿಯ ಶೋರ್‌ಲೈನ್ ಟ್ರೈಲ್ ಒಬ್ಬರ ಹಿಂದೊಬ್ಬರು ಮಾತ್ರ ಹೋಗುವಷ್ಟು ಅಗಲ, ಓಕ್ ಮರಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಒಂದು ಇಳಿಜಾರಿನ ತಲೆಯಲ್ಲಿ ಅವನು ನಿಂತ. ನಾನೂ ನಿಂತೆ. ಏನೂ ಮಾತಾಡಲಿಲ್ಲ. ಅವನ ಎಡಗೈ ಬೆರಳು ಲಿವರಿನ ಮೇಲೆ ಒತ್ತುತ್ತಿತ್ತು, ಬಿಡುತ್ತಿತ್ತು. ನಡೆದುಕೊಂಡು ಇಳಿಯೋಣವಾ ಅಂತ ಕೇಳಿದೆ. ತಲೆಯಾಡಿಸಿದ, ಬೇಡ ಅಂತಲೋ ಹೂಂ ಅಂತಲೋ ತಿಳಿಯಲಿಲ್ಲ, ಅಷ್ಟರಲ್ಲಿ ಹೊರಟೇಬಿಟ್ಟಿದ್ದ. ಮರಗಳ ಹಿಂದಿನಿಂದ ಕೂಗು ಬರತೊಡಗಿತು. "ಬೇರು! ಬೇರು! ಅಮ್ಮಾ, ದೊಡ್ಡ ಬೇರು! ನಿಧಾನ!"

ಆ ರಾತ್ರಿ ಅಜ್ಜಿಗೆ ಸೈಕಲ್ ತೋರಿಸಬೇಕು ಅಂತ ಫೋನನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋದ. ನಮ್ಮಮ್ಮ ಬಣ್ಣ ನೋಡಲಿಲ್ಲ, ಗೇರ್ ಕೇಳಲಿಲ್ಲ. "ಕಾಲು ನೆಲಕ್ಕೆ ತಾಗುತ್ತೇನೋ ಕಂದ? ತೋರ್ಸು" ಅಂದರು. ಅವನು ಬಾರಿನ ಎರಡೂ ಕಡೆ ಕಾಲಿಟ್ಟು ನಿಂತು, ಫೋನನ್ನು ಬಗ್ಗಿಸಿ ತನ್ನ ಕೆಸರು ಮೆತ್ತಿದ ಶೂಗಳನ್ನು ತೋರಿಸಿದ.