ಗ್ರೈಂಡರ್ ಬಂತು

"ಸಂಜೆ ಪೇಟೆಗೆ ಹೋಗೋಣ, ಒಂದು ಗ್ರೈಂಡರ್ ತಗೋಬೇಕು ಕಣೇ" ಎಂದು ನಮ್ಮ ಯಜಮಾನರು ಹೇಳಿದಾಗ, ಮೂವತ್ತು ವರ್ಷದ ಸಂಸಾರ ಸಾರ್ಥಕವಾಯಿತೆಂದು ಹಿಗ್ಗಿದೆ. ನಮ್ಮ ಮನೆಯ ಗ್ರೈಂಡರಿನ ಕಲ್ಲು ಸವೆದು, ಹಿಟ್ಟು ತರಿತರಿಯಾಗಿ, ನಾನು ಗೊಣಗಲು ತೊಡಗಿ ಎರಡು ವರ್ಷವಾಗಿತ್ತು. ಆದರೆ ಅವರು ಹೇಳಿದ್ದು ಹಿಟ್ಟು ರುಬ್ಬುವುದಲ್ಲ, ಕಬ್ಬಿಣ ಕೊಯ್ಯುವ ಆಂಗಲ್ ಗ್ರೈಂಡರ್!

ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಂತೆ ನಮ್ಮದೂ ಮಗ್ಗದ ಮನೆ. ನಾನು ಶಾಲೆಗೆ, ಅವರು ನಾಲ್ಕು ಪವರ್‌ಲೂಮಿಗೆ. 2020ರ ಲಾಕ್‌ಡೌನಿನಲ್ಲಿ ನಿಂತ ಮಗ್ಗಗಳು ಆಮೇಲೆ ಸರಿಯಾಗಿ ಏಳಲೇ ಇಲ್ಲ. ಕೊನೆಗೆ ಎರಡನ್ನು ಗುಜರಿಗೆ ಹಾಕಿದೆವು. ಆ ಜಾಗದಲ್ಲಿ ಒಂದು ಮೇಜು, ಅದರ ಮೇಲೊಂದು ವೈಸು ಕೂರಿಸಿಕೊಂಡು ಇವರು ಓಣಿಯವರ ಗೇಟು, ಕಿಟಕಿಗಳ ರಿಪೇರಿ ಶುರುಮಾಡಿದರು. ಗರಗಸ ಎಳೆದೆಳೆದು ಭುಜ ಹಿಡಿದುಕೊಂಡ ಮೇಲೆ ಈ ಗ್ರೈಂಡರಿನ ಮಾತು ಹುಟ್ಟಿತು.

ಹಾರ್ಡ್‌ವೇರ್ ಅಂಗಡಿಯವನು ನನ್ನ ಕಡೆ ತಿರುಗಿಯೂ ನೋಡದೆ, "ಎಜಿ ಸೆವೆನ್ ತಗೊಳ್ಳಿ ಸಾರ್. ದೊಡ್ಡದಿದ್ರೆ ಎಲ್ಲಾ ಕೆಲಸಕ್ಕೂ ಆಗುತ್ತೆ" ಎಂದ. ಏಳು ಇಂಚಿನ ಚಕ್ರದ ಆ ಯಂತ್ರವನ್ನು ಯಜಮಾನರು ಮೊಮ್ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡರು. ಇನ್ನೇನು ದುಡ್ಡು ಎಣಿಸಬೇಕು, ನಾನು "ನಾಳೆ ಬರ್ತೀವಿ" ಎಂದೆ. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿಸಿ, ಸೆರಗಿನ ಹಿಂಬದಿ ನೋಡಿ, ಮೆಲ್ಲಗೆ ಎದ್ದು ಬರುವ ಅಭ್ಯಾಸ ನನ್ನದು. ಆ ವಿದ್ಯೆ ಇಲ್ಲೂ ಉಪಯೋಗಕ್ಕೆ ಬಂತು.

ಮರುದಿನ ನೆಲಮಂಗಲ ರಸ್ತೆಯಲ್ಲಿ ಗ್ರಿಲ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆವು. ಅವನ ಹೆಸರು ಇಲ್ಲಿ ಬೇಡ. "ಬನ್ನಿ ಮಿಸ್" ಎಂದು ಸ್ಟೂಲು ಒರೆಸಿ ಕೊಟ್ಟು, ಹಾಕಿಕೊಂಡಿದ್ದ ಗಾಗಲ್ಸ್ ಹಣೆಗೆ ಏರಿಸಿದ. ಆಗ ನೋಡಿದೆ, ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು.

"ಏನೋ ಇದು?"

"ಹಳೇದು ಮಿಸ್. ಕೆಲಸ ಕಲಿಯೋವಾಗ ಆಗಿದ್ದು."

ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗ. ಯಾವುದೋ ವರ್ಕ್‌ಶಾಪಿಗೆ ಸೇರಿದ್ದ. ಅಲ್ಲಿ ಸಣ್ಣ ಮಿಷನ್ನಿನ ಗಾರ್ಡ್ ಕಿತ್ತುಹಾಕಿ, ಏಳು ಇಂಚಿನ ಹಳೆಯ ಚಕ್ರವೊಂದನ್ನು ಹೇಗೋ ಹೊಂದಿಸಿ ಕೂರಿಸಿದ್ದರಂತೆ. ಚಕ್ರ ಸಿಡಿದು ಚೂರು ಕಣ್ಣಿಗೆ ಹೊಡೆಯಿತು. ಅವನು ಇದನ್ನು ಬೇರೆ ಯಾರದೋ ಕಥೆಯಂತೆ ಹೇಳಿ ಮುಗಿಸಿದ. ನನಗೆ ಮಾತ್ರ ಹಾಜರಿ ಪುಸ್ತಕ ನೆನಪಾಯಿತು. ಅವನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಗುರುತು ಹಾಕಿದವಳು ನಾನೇ. ಒಂದು ಸಲ ಮನೆಗೆ ಹೋಗಿ ವಿಚಾರಿಸಿದ್ದೆ. "ಕೆಲಸಕ್ಕೆ ಸೇರಿದಾನೆ ಮೇಡಂ" ಎಂದರು ಅವರಮ್ಮ. ಎರಡನೆಯ ಸಲ ಹೋಗಲಿಲ್ಲ.

ಅಂದು ಅವನು ಮೇಷ್ಟರು, ನಾನು ವಿದ್ಯಾರ್ಥಿನಿ. ನಾಲ್ಕು ಇಂಚಿನ ಚಕ್ರವೊಂದನ್ನು ಕೈಗೆ ಕೊಟ್ಟು "ಓದಿ ಮಿಸ್" ಎಂದ. 15,300 ಎಂದಿತ್ತು. ಆ ಚಕ್ರ ತಡೆದುಕೊಳ್ಳುವುದು ನಿಮಿಷಕ್ಕೆ ಅಷ್ಟು ಸುತ್ತು. ನಾಲ್ಕು ಇಂಚಿನ ಮಿಷನ್ನು ತಿರುಗುವುದು ಸುಮಾರು 11,000. ಏಳು ಇಂಚಿನ ಚಕ್ರದ ಮೇಲೆ 8,500 ಎಂದಿತ್ತು. ಬಿ.ಎ. ಓದಿದ ನನಗೂ ಲೆಕ್ಕ ಹೊಳೆಯಿತು: 8,500 ತಾಳುವುದನ್ನು 11,000ದಲ್ಲಿ ತಿರುಗಿಸಿದರೆ ಸಿಡಿಯದೆ ಇನ್ನೇನಾದೀತು? ನಮ್ಮ ಮಗ್ಗದ ಲಾಳಿ ನಿಮಿಷಕ್ಕೆ ನೂರೈವತ್ತು ಸಲ ಓಡಿದರೇ ಕಿವಿ ಕಿವುಡಾಗುತ್ತದೆ. ಇದು ಸೆಕೆಂಡಿಗೇ 180ಕ್ಕೂ ಹೆಚ್ಚು ಸುತ್ತು!

"ಮನೆ ಕೆಲಸಕ್ಕೆ ಎಜಿ ಫೋರ್ ಸಾಕು ಸಾರ್. ದೊಡ್ಡದು ಎರಡು ಸಾವಿರ ವ್ಯಾಟಿನ ಮೇಲೆ ಎಳೆಯುತ್ತೆ. ನಿಮ್ಮ ಶೆಡ್ಡಲ್ಲಿ ಎಂಥ ಸಾಕೆಟ್ ಇದೆ?" ಎಂದು ಕೇಳಿದ. ಇವರು ಮೇಜಿನ ಪಕ್ಕ ಹಾಕಿಸಿಕೊಂಡಿದ್ದು ಐದು ಆಂಪಿಯರಿನದು. 230ನ್ನು ಐದರಿಂದ ಗುಣಿಸಿದರೆ 1,150 ವ್ಯಾಟ್. ಯಜಮಾನರು ಸುಮ್ಮನಾದರು.

"ಗಾರ್ಡ್ ಯಾವತ್ತೂ ಬಿಚ್ಚಬೇಡಿ. ಪಕ್ಕದ ಹಿಡಿ ಹಾಕ್ಕೊಂಡು ಎರಡು ಕೈಯಲ್ಲೂ ಹಿಡೀರಿ. ಓದೋ ಕನ್ನಡಕ ಸಾಲದು, ಪಕ್ಕವೂ ಮುಚ್ಚೋ ಗಾಗಲ್ಸ್ ಬೇಕು. ಮಿಸ್, ನೀವು ಹತ್ರ ಹೋದ್ರೆ ಮಗ್ಗದ ಮನೇಲಿ ಸಿಗಿಸ್ಕೊಳ್ಳೋ ಹಾಗೆ ಸೆರಗು ಸಿಗಿಸ್ಕೊಳ್ಳಿ."

ಹೊರಟಾಗ ಮತ್ತೆ ಕರೆದು ನಿಲ್ಲಿಸಿದ. "ಸ್ವಿಚ್ ನೋಡಿ ತಗೊಳ್ಳಿ ಸಾರ್. ಮುಂದಕ್ಕೆ ತಳ್ಳಿದ್ರೆ ಹಾಗೇ ನಿಲ್ಲೋದು ಬೇಡ. ಅದುಮಿ ಹಿಡಿದಷ್ಟು ಹೊತ್ತು ಮಾತ್ರ ತಿರುಗೋದು ತಗೊಳ್ಳಿ. ನಮ್ಮೂರ ಕರೆಂಟು ನಿಮಗೆ ಗೊತ್ತಲ್ಲ. ಕೆಲಸದ ಮಧ್ಯೆ ಹೋಗುತ್ತೆ, ಮಿಷನ್ ಕೆಳಗಿಟ್ಟು ಟೀ ಕುಡಿಯೋಕೆ ಹೋಗ್ತೀರ. ಕರೆಂಟ್ ಬಂದಾಗ ಅದು ತಾನೇ ತಿರುಗುತ್ತೆ."

ಇಷ್ಟು ಸಣ್ಣ ಮಾತನ್ನು ಅಂಗಡಿಯವನು ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಹಗಲಿನಲ್ಲಿ ಎಷ್ಟು ಸಲ ಕರೆಂಟು ಹೋಗುತ್ತದೆಂದು ಮಗ್ಗದ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅಂಥ ಸ್ವಿಚ್ಚಿನ ನಾಲ್ಕು ಇಂಚಿನದನ್ನೇ ತಂದೆವು. ಸ್ವಲ್ಪ ದುಡ್ಡು ಹೆಚ್ಚಾಯಿತು, ಗಾಗಲ್ಸ್ ಬೇರೆ. ಮೊದಮೊದಲು ಯಜಮಾನರು "ಬೆರಳು ನೋಯುತ್ತೆ, ಅದುಮಿಕೊಂಡೇ ಇರಬೇಕು" ಎಂದು ಗೊಣಗಿದರು. ಗಾಗಲ್ಸ್ ಮರೆತ ದಿನ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು, ಹೋಂವರ್ಕ್ ಮಾಡದ ಹುಡುಗರನ್ನು ನೋಡುವಂತೆ ನೋಡುತ್ತೇನೆ.

ಕಳೆದ ಭಾನುವಾರ ಗೇಟಿನ ಸರಳು ಕೊಯ್ಯುತ್ತಿದ್ದಾಗ ಕರೆಂಟು ಹೋಯಿತು. ಮಿಷನ್ನನ್ನು ಮೇಜಿನ ಮೇಲಿಟ್ಟು ಒಳಗೆ ಬಂದರು. ಕಾಫಿ ಲೋಟ ಕೈಗೆ ಕೊಡುವಷ್ಟರಲ್ಲಿ ಮಿಣುಕ್ ಎಂದು ದೀಪ ಹತ್ತಿತು. ಇಬ್ಬರೂ ಒಟ್ಟಿಗೆ ಶೆಡ್ಡಿನ ಕಡೆ ಕಿವಿಗೊಟ್ಟೆವು. ಯಾವ ಸದ್ದೂ ಇರಲಿಲ್ಲ.

"ಆ ಹುಡುಗನ್ನ ಒಂದಿನ ಊಟಕ್ಕೆ ಕರಿಯೇ" ಎಂದರು. ಕರೆಯುವುದಲ್ಲ, ಈ ಸಲ ನಾನೇ ಅವನ ಮನೆಗೆ ಹೋಗಿ ಬರಬೇಕು ಎಂದುಕೊಂಡೆ. ಎರಡನೆಯ ಸಲದ ಭೇಟಿ ಇನ್ನೂ ಬಾಕಿಯಿದೆ.

ಅಂದಹಾಗೆ, ಹಿಟ್ಟಿನ ಗ್ರೈಂಡರ್ ಇನ್ನೂ ಬಂದಿಲ್ಲ.