ಪುಕ್ಕಟೆ ಜಾಗದ ಬಾಡಿಗೆ

ನಮ್ಮ ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ, ಭರತ ಹುಣ್ಣಿಮೆ ಹೊತ್ತಿಗೆ, ಕಾರಣಿಕ ನಡೆಯುತ್ತೆ. ಗೊರವಯ್ಯ ಬಿಲ್ಲೇರಿ ಒಂದೇ ಒಂದು ಸಾಲು ಹೇಳ್ತಾನೆ. ಅಷ್ಟೇ. ಆಮೇಲೆ ಅದರ ಅರ್ಥ ಬಿಡಿಸೋ ಕೆಲಸ ನಮ್ಮದು. ರೈತರು ಮಳೆ ಅಂತಾರೆ, ವ್ಯಾಪಾರಿಗಳು ರೇಟು ಅಂತಾರೆ, ರಾಜಕೀಯದವರು ಸರ್ಕಾರ ಅಂತಾರೆ. ಕ್ಲೌಡ್ ಹೋಸ್ಟಿಂಗ್ ಕಂಪನಿಗಳು ದರ ಬದಲಾಯಿಸಿದಾಗ ಹೊರಡಿಸೋ ಪ್ರಕಟಣೆ ಓದುವಾಗೆಲ್ಲ ನಂಗೆ ಈ ಕಾರಣಿಕವೇ ನೆನಪಾಗೋದು. ಇಷ್ಟುದ್ದ ಬರೆದಿರ್ತಾರೆ, "ಇನ್ನು ಮುಂದೆ ಪುಕ್ಕಟೆ ಇಲ್ಲ" ಅನ್ನೋದು ಎಲ್ಲೋ ನಡುವೆ ಒಂದು ಸಾಲಿನಲ್ಲಿ ಇರುತ್ತೆ. :-)

ಈ ವಿಷಯದಲ್ಲಿ ದೊಡ್ಡ ಗಲಾಟೆ ಆಗಿದ್ದು ಹೆರೋಕುದು. 2007ರಲ್ಲಿ ಶುರುವಾದ ಕಂಪನಿ, 2010ರ ಕೊನೆಗೆ ಸೇಲ್ಸ್‌ಫೋರ್ಸ್‌ನವರು ಸುಮಾರು 21 ಕೋಟಿ ಡಾಲರ್ ಕೊಟ್ಟು ಕೊಂಡರು. ಇದರ ಸೊಗಸೇನು ಅಂದ್ರೆ, ಸರ್ವರ್ ಅಂದರೇನು ಅಂತ ಗೊತ್ತಿಲ್ಲದ ಹುಡುಗನೂ ಒಂದು ಕಮಾಂಡ್ ಒತ್ತಿ ತನ್ನ ಪ್ರೋಗ್ರಾಮನ್ನ ಲೋಕಕ್ಕೆ ತೋರಿಸಬಹುದಿತ್ತು. ಪ್ರೋಗ್ರಾಮ್ ಓಡೋ ಪುಟ್ಟ ಕೋಣೆಗೆ ಅವರು ಇಟ್ಟ ಹೆಸರು ಡೈನೋ. ಪುಕ್ಕಟೆ ಡೈನೋ ಅರ್ಧ ಗಂಟೆ ಯಾರೂ ಬರದಿದ್ದರೆ ನಿದ್ದೆ ಹೋಗ್ತಿತ್ತು, ಯಾರಾದರೂ ಕದ ತಟ್ಟಿದರೆ ಆಕಳಿಸುತ್ತಾ ಏಳ್ತಿತ್ತು. ಅದು ಮಲಗದ ಹಾಗೆ ಆಗಾಗ ಕದ ತಟ್ಟೋದಕ್ಕೆ ಅಂತಲೇ ಇನ್ನೊಂದು ಪ್ರೋಗ್ರಾಮ್ ಬರೆದಿಟ್ಟ ಜಾಣರೂ ಇದ್ದರು!

2022ರ ಆಗಸ್ಟ್ 25ರಂದು ಹೆರೋಕು ಇದನ್ನೆಲ್ಲ ನಿಲ್ಲಿಸ್ತೀವಿ ಅಂತು. ನವೆಂಬರ್ 28ರಿಂದ ಪುಕ್ಕಟೆ ಡೈನೋ ಇಲ್ಲ, ಪುಕ್ಕಟೆ ಡೇಟಾಬೇಸೂ ಇಲ್ಲ. ಪುಕ್ಕಟೆ ಖಾತೆಗಳ ಮೋಸ, ದುರ್ಬಳಕೆ ತಡೆಯೋದರಲ್ಲೇ ತಮ್ಮವರ ಶ್ರಮವೆಲ್ಲ ಹೋಗ್ತಿದೆ ಅಂತ ಕಾರಣ ಕೊಟ್ಟರು. ಅದರ ಬದಲಿಗೆ ಬಂದದ್ದು ತಿಂಗಳಿಗೆ 5 ಡಾಲರಿನ ಡೈನೋ, ಇನ್ನೊಂದು 5 ಡಾಲರಿನ ಡೇಟಾಬೇಸ್.

ಡೆವಲಪರುಗಳು ಮೂರು ಗುಂಪಾದರು. ಒಂದು ಗುಂಪು, "ಕಲಿಯೋ ಕಾಲದಲ್ಲಿ ಕೈ ಹಿಡಿದು ಈಗ ಬಿಟ್ಟರು" ಅಂತ ಕೂಗಾಡಿತು. ಎರಡನೆಯವರು, "ಇಷ್ಟು ವರ್ಷ ಬಿಟ್ಟಿ ಉಂಡಿದ್ದೀರಿ, ಐದು ಡಾಲರ್ ಕೊಡೋಕೆ ಏನು ಧಾಡಿ?" ಅಂದರು. ಮೂರನೆಯವರು ಮಾತೇ ಆಡಲಿಲ್ಲ, ಗಂಟುಮೂಟೆ ಕಟ್ಟಿ ಬೇರೆ ಕಂಪನಿಗೆ ನಡೆದರು. ಆದರೆ ಅಲ್ಲೂ ಸುಖ ಇರಲಿಲ್ಲ ನೋಡಿ. ಪ್ಲಾನೆಟ್‌ಸ್ಕೇಲ್ ಅನ್ನೋ ಡೇಟಾಬೇಸ್ ಕಂಪನಿ 2024ರ ಏಪ್ರಿಲ್‌ನಲ್ಲಿ ಪುಕ್ಕಟೆ ಪ್ಲಾನ್ ತೆಗೆದುಹಾಕಿತು. ಗ್ಲಿಚ್ 2025ರ ಜುಲೈನಲ್ಲಿ ಹೋಸ್ಟಿಂಗನ್ನೇ ನಿಲ್ಲಿಸಿತು.

ಕಂಪನಿಗಳ ಮಾತು ಪೂರ್ತಿ ಸುಳ್ಳೇನಲ್ಲ. ಪುಕ್ಕಟೆ ಕಂಪ್ಯೂಟರ್ ಸಿಕ್ಕರೆ ಸಾಕು, ಸಾವಿರಾರು ಕಳ್ಳ ಖಾತೆ ತೆಗೆದು ಅದರಲ್ಲಿ ಕ್ರಿಪ್ಟೋ ನಾಣ್ಯ ಅಗೆಯೋರು ಇದ್ದಾರೆ. ಇವರ ಕಾಟಕ್ಕೇ 2021ರಲ್ಲಿ ಗಿಟ್‌ಲ್ಯಾಬ್‌ನವರು ತಮ್ಮ ಪುಕ್ಕಟೆ ಕಂಪ್ಯೂಟರ್ ನಿಮಿಷಗಳನ್ನ ಬಳಸೋ ಹೊಸಬರ ಹತ್ತಿರ ಕಾರ್ಡ್ ಕೇಳೋಕೆ ಶುರು ಮಾಡಿದ್ದು. ಅನ್ನಛತ್ರದಲ್ಲಿ ಉಂಡು ಹೋಗೋರಿಗಿಂತ ಅಕ್ಕಿ ಮೂಟೆ ಹೊತ್ತು ಹೋಗೋರು ಜಾಸ್ತಿಯಾದರೆ ಛತ್ರದವರಾದರೂ ಏನು ಮಾಡಬೇಕು?

ಇಷ್ಟೆಲ್ಲ ನಾನು ಬೆಂಗಳೂರಲ್ಲಿ ಕೂತು ತಣ್ಣಗೆ ಯೋಚಿಸ್ತಿದ್ದೆ. ಆಮೇಲೆ ಅದು ಮನೆ ಬಾಗಿಲಿಗೇ ಬಂತು.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಒಂದು ಪುಟ ಮಾಡಿದ್ದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆ ಓಡೋ ಬಸ್ಸುಗಳ ವೇಳೆ. ಬಸ್‌ಸ್ಟ್ಯಾಂಡುಗಳಲ್ಲಿ ನಿಂತು, ಬೋರ್ಡ್ ಫೋಟೋ ಹೊಡೆದು, ಕಂಡಕ್ಟರುಗಳನ್ನ ಮಾತಾಡಿಸಿ ಕೂಡಿಸಿದ್ದು. ಅದರಲ್ಲಿ ಒಂದು ಗುಂಡಿ ಇಟ್ಟಿದ್ದ: "ಬಸ್ ಬಂತು / ಬರಲಿಲ್ಲ". ಸ್ಟಾಪಿನಲ್ಲಿ ನಿಂತವರು ಒತ್ತಿದರೆ ಮುಂದಿನ ಊರಲ್ಲಿ ಕಾಯೋರಿಗೆ ಗೊತ್ತಾಗ್ತಿತ್ತು. ಇದೇನು ಮಹಾ ಅನ್ನಬೇಡಿ. ರೈಲು ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೋಗುತ್ತೆ. ಕೂಡ್ಲಿಗಿ, ಹಡಗಲಿಗೆ ಅದೂ ಇಲ್ಲ, ಬಸ್ಸೇ ಗತಿ. ಸಂಜೆ ಬಸ್ ಖಾತ್ರಿ ಇದ್ದರೆ ಮಾತ್ರ ಮಗಳನ್ನ ಪಕ್ಕದ ಊರಿನ ಕಾಲೇಜಿಗೆ ಕಳಿಸೋ ಅಪ್ಪ ಅಮ್ಮ ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಆ ಗುಂಡಿ ಹೆಚ್ಚಾಗಿ ಒತ್ತುತ್ತಿದ್ದವರೂ ಅಂಥ ಹುಡುಗೀರೇ.

ಅವನ ಪುಟ ಇದ್ದದ್ದು ಹೆರೋಕುವಿನಲ್ಲಲ್ಲ, ಬೇರೊಂದು ಕಂಪನಿಯಲ್ಲಿ. ಹೆಸರು ಬೇಡ ಬಿಡಿ. ಒಂದಿನ ಅವರ ಕಾರಣಿಕವೂ ಬಂತು. ಪುಕ್ಕಟೆ ಮುಗೀತು, ಕಾರ್ಡ್ ಹಾಕಿ, ಇಲ್ಲಾಂದ್ರೆ ನಿಲ್ಲಿಸ್ತೀವಿ. ಲೆಕ್ಕ ಹಾಕಿದರೆ ತಿಂಗಳಿಗೆ ಹೆಚ್ಚುಕಮ್ಮಿ ಎಂಟುನೂರು ರೂಪಾಯಿ, ತೆರಿಗೆ ಬೇರೆ.

"ಮಾವ, ಇವ್ರು ಹಿಂಗ ಮಾಡಬಾರದಿತ್ರಿ" ಅಂತ ಫೋನಿನಲ್ಲಿ ಅತ್ತೇ ಬಿಡೋ ದನಿಯಲ್ಲಿ ಹೇಳಿದ. ಹಿಂದಿನಿಂದ ಅವರಪ್ಪನ ದನಿ ಕೇಳ್ತಿತ್ತು, "ತಿಂಗಳಿಗೆ ಎಂಟ್ನೂರಾ? ಬಸ್ಸು ಏನು ನಿಂದೇನಲೇ?" ಮೆಕ್ಕೆಜೋಳ, ಶೇಂಗಾ ನಂಬಿದ ಮನೆ ಅದು, ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ದುಡ್ಡು ನಾನು ಕೊಡ್ತೀನಿ ಅಂದೆ. "ಬ್ಯಾಡ್ರಿ ಮಾವ, ಎಷ್ಟು ದಿನಾಂತ ಕೊಡ್ತೀರಿ?" ಅಂದ. ಅದೂ ಸರಿಯೇ.

ಅಮೆರಿಕದಲ್ಲಿ ಕೂತು "ಐದು ಡಾಲರ್ ತಾನೇ, ಒಂದು ಕಾಫಿ ದುಡ್ಡು" ಅನ್ನೋರಿಗೆ ಇನ್ನೊಂದು ವಿಷಯವೂ ಗೊತ್ತಿರಲ್ಲ. ನಮ್ಮಲ್ಲಿ ದುಡ್ಡಿದ್ದರೂ ಕಟ್ಟೋದು ಸುಲಭ ಅಲ್ಲ. ವಿದ್ಯಾರ್ಥಿಗಳ ಹತ್ತಿರ ಇರೋದು ಡೆಬಿಟ್ ಕಾರ್ಡ್, ಹೊರದೇಶದ ಕಂಪನಿಗಳು ಅದನ್ನ ಎಷ್ಟೋ ಸಲ ಒಪ್ಪಲ್ಲ. 2021ರ ಅಕ್ಟೋಬರ್ 1ರಿಂದ ತಿಂಗಳು ತಿಂಗಳು ತಾನಾಗೇ ದುಡ್ಡು ಕಡಿತ ಆಗೋದಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. ನಮ್ಮ ದುಡ್ಡು ಹೇಳದೆ ಕೇಳದೆ ಹೋಗಬಾರದು ಅನ್ನೋ ಒಳ್ಳೇ ಉದ್ದೇಶವೇ. ಆದರೆ ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳಿಗೆ ಕಟ್ಟೋದು ಆಗ ಎಷ್ಟೋ ಜನಕ್ಕೆ ನಿಂತೇಹೋಯ್ತು. ಹಾಗಾಗಿ ದರಪಟ್ಟಿ ಎಲ್ಲರಿಗೂ ಒಂದೇ ಕಂಡರೂ ಕೊಟ್ಟೂರಿನ ಹುಡುಗನಿಗೆ ಆ ಐದು ಡಾಲರ್ ಬೇರೆಯೇ ಐದು ಡಾಲರ್.

ಕೊನೆಗೆ ಏನಾಯ್ತು ಅಂದ್ರೆ, ಅವನು ವೇಳೆಯ ಪಟ್ಟಿಯನ್ನೆಲ್ಲ ಬರೀ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿದ. ಹಾಗೆ ಸುಮ್ಮನೆ ಕೂತಿರೋ ಪುಟಗಳನ್ನ ಅಲ್ಲಿ ಪುಕ್ಕಟೆ ಇಡಬಹುದು, ಒಂದು ಜಿಬಿ ತನಕ. ಪಟ್ಟಿ ಉಳೀತು. ಆದರೆ "ಬಂತು / ಬರಲಿಲ್ಲ" ಗುಂಡಿ ಹೋಯ್ತು. ಒತ್ತಿದ್ದನ್ನ ನೆನಪಿಟ್ಟುಕೊಳ್ಳೋಕೆ ಹಿಂದೆ ಒಂದು ಸರ್ವರ್ ಎಚ್ಚರವಾಗಿರಬೇಕಲ್ಲ, ದುಡ್ಡು ಕೇಳ್ತಿದ್ದದ್ದು ಅದಕ್ಕೇ. ಆ ಹುಡುಗೀರು ಯಾರೂ ಎಲ್ಲೂ ಪ್ರತಿಭಟಿಸಲಿಲ್ಲ. ಒಬ್ಬಾಕೆ ಮಾತ್ರ ಇವನ ನಂಬರ್ ಹುಡುಕಿ ಫೋನ್ ಮಾಡಿ, "ಅಣ್ಣಾ, ಬಸ್ ಬರ್ತತೋ ಇಲ್ಲೋ ಈಗ ಹೆಂಗ ಗೊತ್ತಾಗ್ತತಿ?" ಅಂತ ಕೇಳಿದಳಂತೆ. ಇವನ ಹತ್ತಿರ ಉತ್ತರ ಇರಲಿಲ್ಲ. ದರ ಬದಲಾವಣೆ ಬಗ್ಗೆ ನಾನು ಓದಿದ ನೂರಾರು ಪ್ರತಿಕ್ರಿಯೆಗಳಲ್ಲಿ ಈ ಒಂದು ಪ್ರಶ್ನೆಯಷ್ಟು ತಟ್ಟಿದ್ದು ಇನ್ನೊಂದಿಲ್ಲ.

ಅವನಿಗೆ ನಾನು ಒಂದೇ ಮಾತು ಹೇಳಿದೆ. ಹರಪನಹಳ್ಳಿ ನೋಡು, 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕಚೇರಿ ಬದಲಾಯ್ತು, ಸವಲತ್ತು ಬದಲಾಯ್ತು, ಆದರೆ ಊರಿನ ಹೆಸರು ಊರಿನದೇ. ನೀನೂ ಹಂಗೇ ಇರು. ವರ್ಷಕ್ಕೆ ಒಂದಿಷ್ಟು ದುಡ್ಡು ಕೊಟ್ಟು ಸ್ವಂತ ಡೊಮೈನ್ ಹೆಸರು ತಗೋ, ಡೇಟಾದ ಒಂದು ಪ್ರತಿ ನಿನ್ನ ಹತ್ತಿರ ಇಟ್ಕೋ. ಹೋಸ್ಟು ಯಾವ ಜಿಲ್ಲೆಗಾದರೂ ಹೋಗಲಿ, ಜನ ಅದೇ ಹೆಸರಿಗೆ ಬರ್ತಾರೆ.

ಇದನ್ನ ಇಲ್ಲಿ ಬರೀತಿರೋದು ಯಾಕಂದ್ರೆ, ಬ್ಲಾಗಿಗರಾದ ನಾವೂ ಪುಕ್ಕಟೆ ಜಾಗದಲ್ಲೇ ಕೂತವರು. ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿದ್ದು, ಗೂಗಲ್ ರೀಡರ್ 2013ರ ಜುಲೈನಲ್ಲಿ ಹೋಗಿದ್ದು, ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ 2021ರ ಜೂನ್‌ಗೆ ಮುಗಿದದ್ದು, ಎಲ್ಲಾ ಕಣ್ಣಾರೆ ನೋಡಿದ್ದೀವಿ. ನಮ್ಮ ಬರಹಕ್ಕೆ ಬಸ್ ಕಾಯೋರಷ್ಟು ಅವಸರದ ಓದುಗರು ಇಲ್ಲದೇ ಇರಬಹುದು.... ಆದರೂ ವರ್ಷಗಟ್ಟಲೆ ಕುಟ್ಟಿದ ಅಕ್ಷರ ಅಲ್ವಾ? ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಬ್ಲಾಗಿನ ಒಂದು ಬ್ಯಾಕಪ್ ಇಳಿಸಿ ಇಟ್ಕೊಳ್ಳಿ.

ಮತ್ತೆ, ಆ "ಬಂತು / ಬರಲಿಲ್ಲ" ಗುಂಡಿಯನ್ನ ಕಾರ್ಡಿಲ್ಲದೆ, ತಿಂಗಳ ಬಾಡಿಗೆ ಇಲ್ಲದೆ ಓಡಿಸೋ ದಾರಿ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಹುಡುಗನಿಗೆ ದಾಟಿಸ್ತೀನಿ.